ಲಾಜ್ಜಾರೋ ಸ್ಪಲ್ಲಂಜಾನಿಯ ಜೀವಿತ ವೃತ್ತಾಂತ

ನಾವು ಉಣ್ಣುವ ಅನ್ನವು ರಕ್ತಮಾಂಸಗಳಾಗಿ ಮಾರ್ಪಡುವ ಬಗೆ ಯಾವುದು? ಹದಿನೆಂಟನೆಯ ಶತಮಾನದಲ್ಲಿ ಈ ವಿಷಯವಾಗಿ ಯೂರೋಪಿನ ಪಂಡಿತರಲ್ಲಿ ಒಮ್ಮತವಿರಲಿಲ್ಲ. ಹೊಟ್ಟೆಯು ಬೀಸುವ ಕಲ್ಲಿನಂತೆ ಆಹಾರವನ್ನು ಅರೆಯುತ್ತದೆಂದು ಕೆಲವರೂ, ಅಲ್ಲಿ ಅದು ಕೊಳೆಯುತ್ತದೆಂದು ಕೆಲವರೂ, ಕಲಸಿಟ್ಟ ಹಿಟ್ಟಿನಂತೆ ಹುಳಿಯುತ್ತದೆಂದು ಬೇರೆ ಕೆಲವರೂ ವಾದಿಸುತ್ತಿದ್ದರು. ಈ ವಾದವನ್ನು ತೀರಿಸುವ ನಿಮಿತ್ತ ತನ್ನ ಸ್ವಂತ ಶರೀರವನ್ನೇ ಪರೀಕ್ಷೆಗೊಡ್ಡಿದ ಸ್ಪಲ್ಲಂಜಾನಿ ಎಂಬ ಪಾದ್ರಿಯ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಅರುಹಲಿಚ್ಛಿಸುತ್ತೇವೆ.

ಲಾಜ್ಜಾರೋ ಸ್ಪಲ್ಲಂಜಾನಿಯು ೧೭೨೯ನೆಯ ಇಸವಿಯ ಜನವರಿಯಲ್ಲಿ ಉತ್ತರ ಇಟಲಿಯ ಸ್ಕಾಂದಿಯಾನೋ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದನು. ತಂದೆಯು ವಕೀಲನು. ಬಾಲಕನು ರೆಜ್ಜೋ ಪಟ್ಟಣದ ಜೆಸ್ವಿಟ್ ಗುರುಗಳಲ್ಲಿ ಓದಿದ ತರುವಾಯ, ನ್ಯಾಯಶಾಸ್ತ್ರವನ್ನು ಕಲಿಯುವುದಕ್ಕಾಗಿ ಬೊಲೋನ್ಯ ನಗರಕ್ಕೆ ಹೋದನು. ಅಲ್ಲಿ ಅವನ ಬಂಧುವರ್ಗದವಳಾದ ಲೌರಾ ಬಾಸ್ಸಿ ಎಂಬ ವಿದುಷಿಯು ವಾಸವಾಗಿದ್ದಳು. ಆಕೆಯು ೧೭೩೨ರಲ್ಲಿ ಬೊಲೋನ್ಯ ವಿಶ್ವವಿದ್ಯಾನಿಲಯದ ಡಾಕ್ಟರ್ ಪದವಿಯನ್ನು ಹೊಂದಿ, ಅಲ್ಲಿಯೇ ಅಧ್ಯಾಪಕಿಯಾಗಿ ನೇಮಿಸಲ್ಪಟ್ಟಿದ್ದಳು. ಆದರೂ ಹೆಂಗಸೆಂಬ ಕಾರಣದಿಂದ, ಕೆಲವು ವಿಶೇಷ ಸಮಯಗಳ ಹೊರತು, ಅಲ್ಲಿ ಬಹಿರಂಗವಾಗಿ ಬೋಧಿಸಲು ಆಕೆಗೆ ಅಪ್ಪಣೆಯಿರಲಿಲ್ಲ. ಅದಕ್ಕಾಗಿ ಆಕೆಯು ಕುಗ್ಗದೆ, ಸಂಸಾರವನ್ನೂ ಮಕ್ಕಳನ್ನೂ ನೋಡಿಕೊಳ್ಳುತ್ತಾ, ತನ್ನ ಮನೆಯಲ್ಲಿಯೇ ಪ್ರಯೋಗಗಳ ಸಹಿತವಾಗಿ ಭೌತಶಾಸ್ತ್ರವನ್ನು ಕಲಿಸಿದಳು. ಆಕೆಯ ಪ್ರೇರಣೆಯಿಂದ ಸ್ಪಲ್ಲಂಜಾನಿಯ ಮನಸ್ಸು ಕಾನೂನನ್ನು ಬಿಟ್ಟು ಸೃಷ್ಟಿಯ ಪರಿಶೀಲನೆಯ ಕಡೆಗೆ ತಿರುಗಿತು. ಮುಂದೆ ಅವನು ಪಾದ್ರಿಯ ದೀಕ್ಷೆಯನ್ನು ಪಡೆದು, ರೆಜ್ಜೋ ಮತ್ತು ಮೊದೆನಾ ಪಟ್ಟಣಗಳಲ್ಲಿ ಬೋಧಿಸಿ, ೧೭೬೯ರಲ್ಲಿ ಪಾವಿಯಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದನು.

ಇದಕ್ಕೆ ಮುಂಚೆ, ೧೭೫೨ರಲ್ಲಿ, ಫ್ರಾನ್ಸ್ ದೇಶದ ರೆಯೋಮ್ಯೂರನು ಒಂದು ಯುಕ್ತಿಯನ್ನು ತೋರಿಸಿದ್ದನು. ಬೇಟೆಯ ಹಕ್ಕಿಯು ಜೀರ್ಣವಾಗದ ವಸ್ತುಗಳನ್ನು ಕಕ್ಕಿಬಿಡುವುದನ್ನು ತಿಳಿದು, ಲೋಹದ ಕೊಳವೆಯಲ್ಲಿ ಮಾಂಸವನ್ನಿಟ್ಟು ಅದಕ್ಕೆ ನುಂಗಿಸಿದನು. ಹೊರಬಂದ ಕೊಳವೆಯು ನಸುವಾದರೂ ನಜ್ಜಿರಲಿಲ್ಲ. ಒಳಗಿನ ಮಾಂಸವು ಮಾತ್ರ ಕರಗುತ್ತಾ ಬಂದಿತ್ತು. ಸ್ಪಲ್ಲಂಜಾನಿಯು ಈ ಪರೀಕ್ಷೆಯನ್ನು ಕೋಳಿ, ಕಾಗೆ, ಗೂಬೆ, ಕಪ್ಪೆ, ಹಾವು, ಮೀನು, ಕುರಿ, ನಾಯಿ ಮೊದಲಾದ ಅನೇಕ ಪ್ರಾಣಿಗಳಲ್ಲಿ ನಡಿಸಿದನು. ಅರೆಯುವುದು ಪೂರ್ವಸಿದ್ಧತೆ ಮಾತ್ರವೇ, ಕರಗಿಸುವ ಕೆಲಸವು ಜಠರರಸದ್ದೇ ಎಂದು ಅವನಿಗೆ ಮನವರಿಕೆಯಾಯಿತು.

ಆದರೆ ಪ್ರಾಣಿಗಳಲ್ಲಿ ಕಂಡದ್ದು ಮನುಷ್ಯನಿಗೆ ಹೊಂದುವುದೋ? ಇದನ್ನರಿಯಲು ಅವನು ಅಗಿದ ರೊಟ್ಟಿಯನ್ನು ಚಿಕ್ಕ ನಾರುಬಟ್ಟೆಯ ಚೀಲದಲ್ಲಿ ಹೊಲಿದು ತಾನೇ ನುಂಗಿದನು. ಅದು ಕರುಳಿನಲ್ಲಿ ಸಿಕ್ಕಿಕೊಂಡಿದ್ದರೆ ಪ್ರಾಣಕ್ಕೆ ಅಪಾಯವಾಗುತ್ತಿತ್ತು. ೨೩ ತಾಸುಗಳಾದ ಮೇಲೆ ಚೀಲವು ಹರಿಯದೆ ಹೊರಬಂದಿತು; ರೊಟ್ಟಿಯು ಇಲ್ಲವಾಗಿತ್ತು. ಆ ಮೇಲೆ ಮಾಂಸವನ್ನು ತೂತುಗಳುಳ್ಳ ಮರದ ಸಣ್ಣ ಕೊಳವೆಗಳಲ್ಲಿಟ್ಟು ನುಂಗಿದನು. ಬರಿಯ ಹೊಟ್ಟೆಯಲ್ಲಿ ವಾಂತಿಮಾಡಿಕೊಂಡು ತನ್ನ ಜಠರರಸವನ್ನೇ ಸಂಗ್ರಹಿಸಿದನು. ಹಕ್ಕಿಗಳ ಜಠರರಸವನ್ನೂ ಮಾಂಸವನ್ನೂ ಗಾಜಿನ ಕೊಳವೆಯಲ್ಲಿ ತುಂಬಿ, ಮೂರು ದಿನ ತನ್ನ ಕಂಕುಳಲ್ಲಿ ಬೆಚ್ಚಗೆ ಇಟ್ಟುಕೊಂಡನು. ನೀರಿನಲ್ಲಿಟ್ಟ ಮಾಂಸವು ಕೊಳೆತು ನಾರಿತು. ಜಠರರಸದಲ್ಲಿಟ್ಟದ್ದು ಕೊಳೆಯದೆ ಕರಗಿತು. ಈ ಶೋಧನೆಗಳೆಲ್ಲವೂ ೧೭೮೦ರಲ್ಲಿ ಗ್ರಂಥರೂಪವಾಗಿ ಪ್ರಕಟವಾದವು.

ಆ ರಸದಲ್ಲಿ ಅಡಗಿದ್ದ ಶಕ್ತಿ ಯಾವುದೆಂಬದು ಅವನಿಗೆ ತಿಳಿಯಲಿಲ್ಲ. ಜಠರರಸವು ಆಮ್ಲವೆಂಬದನ್ನೂ ಅವನು ಒಪ್ಪಲಿಲ್ಲ. ಇಂಗ್ಲೆಂಡಿನ ಪ್ರೌಟ್ ಎಂಬ ವೈದ್ಯನು ೧೮೨೪ರಲ್ಲಿ ಅದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲವನ್ನು ಕಂಡುಹಿಡಿದನು. ೧೮೩೬ರಲ್ಲಿ ಜರ್ಮನಿಯ ಶ್ವಾನ್ ಎಂಬವನು ಪೆಪ್ಸಿನನ್ನು ಕಂಡುಹಿಡಿದನು. ಇಂಥ ವಸ್ತುಗಳಿಗೆ ಕಿಣ್ವಗಳೆಂದು ಹೆಸರು. ಪ್ರತಿ ಕಿಣ್ವಕ್ಕೂ ತನ್ನದೇ ಆದ ಆಕೃತಿಯುಂಟು. ಅದಕ್ಕೆ ತಕ್ಕ ಆಹಾರದ ಅಣುವು ಬಂದು ಅದರಲ್ಲಿ ಕೂತರೆ, ಆ ಅಣುವು ಸುಲಭವಾಗಿ ಒಡೆದು ಬೇರಾಗುತ್ತದೆ. ಕಿಣ್ವವು ತಾನು ವ್ಯಯವಾಗದೆ ಮತ್ತೊಂದು ಅಣುವಿಗೆ ಸಿದ್ಧವಾಗಿರುತ್ತದೆ. ಚಳಿಯಲ್ಲಿ ಅದರ ಕೆಲಸವು ಮಂದವಾಗುತ್ತದೆ. ಕುದಿಸಿದರೆ ಅದು ಕೆಡುತ್ತದೆ. ದೇಹದ ಬೆಚ್ಚನೆಯೇ ಅದಕ್ಕೆ ಹಿತ. ಪಾದ್ರಿಯ ಕಂಕುಳಿನ ಶಾಖವು ಫಲಕೊಟ್ಟದ್ದು ಈ ಕಾರಣದಿಂದಲೇ.

ಅನ್ನದ ತುತ್ತನ್ನು ಬಹಳ ಹೊತ್ತು ಅಗಿದರೆ ಸಿಹಿಯಾಗುವುದನ್ನು ಮಕ್ಕಳು ಮನೆಯಲ್ಲಿಯೇ ನೋಡಬಹುದು. ಜೊಲ್ಲಿನ ಕಿಣ್ವವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಜಠರದ ಆಮ್ಲದಲ್ಲಿ ಆ ಕೆಲಸವು ನಿಂತು, ಪೆಪ್ಸಿನು ಬೇಳೆ, ಮೊಟ್ಟೆ, ಮಾಂಸಗಳ ಪ್ರೋಟೀನನ್ನು ಒಡೆಯತೊಡಗುತ್ತದೆ. ಸಣ್ಣ ಕರುಳಿನಲ್ಲಿ ಮೇದೋಜೀರಕ ಗ್ರಂಥಿಯ ಕಿಣ್ವಗಳು ಪಿಷ್ಟ, ಪ್ರೋಟೀನು, ಕೊಬ್ಬು ಈ ಮೂರನ್ನೂ ಒಡೆಯುತ್ತವೆ. ಕರುಳಿನ ಗೋಡೆಯ ಕಿಣ್ವಗಳು ಉಳಿದ ಕಾರ್ಯವನ್ನು ಪೂರೈಸಿದ ಮೇಲೆಯೇ ಆಹಾರಸಾರವು ಶರೀರಕ್ಕೆ ಸೇರುತ್ತದೆ.

ಸ್ಪಲ್ಲಂಜಾನಿಯು ೧೭೯೯ರ ಫೆಬ್ರುವರಿಯಲ್ಲಿ ಪಾವಿಯಾದಲ್ಲಿ ತೀರಿಕೊಂಡನು. ಲೌರಾ ಬಾಸ್ಸಿಯಾದರೋ ೧೭೭೮ರಲ್ಲಿಯೇ ಗತಿಸಿದ್ದಳು; ತನ್ನ ಶಿಷ್ಯನು ಜೀರ್ಣಕ್ರಿಯೆಯ ಕುರಿತು ಪ್ರಕಟಿಸಿದ ಗ್ರಂಥವನ್ನು ಆಕೆಯು ನೋಡಲಿಲ್ಲ. ಬಿತ್ತಿದವರೇ ಕೊಯ್ಯಬೇಕೆಂಬ ನಿಯಮವಿಲ್ಲವಷ್ಟೆ. ವಿಜ್ಞಾನವು ಹೆಣ್ಣುಮಕ್ಕಳಿಗೆ ಭಾರವೆಂದು ಎಣಿಸಿ ಅವರನ್ನು ಆ ಓದಿನಿಂದ ಬಿಡಿಸಬೇಕೆಂದಿರುವ ಪಾಲಕರು ಈ ವಿದುಷಿಯನ್ನು ಒಂದು ಸಾರಿ ನೆನೆಯಬೇಕೆಂದು ನಾವು ವಿನಯದಿಂದ ಬೇಡುತ್ತೇವೆ. ಅಡಿಗೆಮನೆಯಲ್ಲಿ ನಿಮ್ಮ ಮಗಳು ಕೇಳುವ ಪ್ರಶ್ನೆಯನ್ನು ಅಲ್ಲಗಳೆಯದೆ ಉತ್ತರವನ್ನು ಅವಳೊಡನೆ ಕೂಡಿ ಹುಡುಕಿರಿ. ಅದರ ಫಲವನ್ನು ಮುಂದೆ ಯಾರು ಉಣ್ಣುವರೋ ದೇವರೇ ಬಲ್ಲನು.