ಬೆಟ್ಟಕ್ಕೆ ಮಣಿದ ದಾರಿ

ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದ ಸುದ್ದಿ ಓದಿದಾಗಲೆಲ್ಲ ನನಗೆ ಅಮೆರಿಕದ ಎಂಜಿನಿಯರ್ ಸ್ಯಾಮ್ಯುಯೆಲ್ ಲ್ಯಾಂಕಾಸ್ಟರ್ ನೆನಪಾಗುತ್ತಾರೆ. 1864ರಲ್ಲಿ ಜನಿಸಿದ ಅವರು, 1908ರಲ್ಲಿ ಪ್ಯಾರಿಸ್‌ನ ಮೊದಲ ಅಂತರರಾಷ್ಟ್ರೀಯ ರಸ್ತೆ ಸಮ್ಮೇಳನಕ್ಕೆ ಹೋದಾಗ ಯುರೋಪಿನ ಪರ್ವತ ಮಾರ್ಗಗಳನ್ನು ಕಣ್ತುಂಬಿಕೊಂಡು ಮರಳಿದರು.

1913ರಲ್ಲಿ ಒರೆಗಾನ್ ರಾಜ್ಯದ ಕೊಲಂಬಿಯಾ ನದಿಕಣಿವೆಯ ಹೆದ್ದಾರಿಯ ಹೊಣೆ ಹೆಗಲೇರಿತು. ಅವರು ಮೊದಲು ಗುರುತಿಸಿದ್ದು ಜಲಪಾತಗಳು, ನೋಟದ ತಾಣಗಳು. ದಾರಿ ಎಳೆದದ್ದು ಅವುಗಳನ್ನು ಪೋಣಿಸುವಂತೆ. ಏರು ಶೇ 5ನ್ನು ಮೀರಬಾರದು, ತಿರುವಿನ ತ್ರಿಜ್ಯ 100 ಅಡಿಗಿಂತ ಕಿರಿದಾಗಬಾರದು ಎಂಬುದು ನಿಯಮ. ಕಡಿದಾದಲ್ಲಿ ದಾರಿಯೇ ಸುತ್ತು ಬಳಸಿ ಇಳಿಯಿತು. ಅಂಚಿನ ಕಲ್ಲುಗೋಡೆಗಳಿಗೆ ಇಟಲಿಯ ಕಲ್ಲುಕುಟಿಗರು ಬಂದರು. ಮಿಚೆಲ್ ಪಾಯಿಂಟ್‌ನಲ್ಲಿ, ನದಿಯತ್ತ ಐದು ಕಿಟಕಿಗಳು ತೆರೆದಿದ್ದ ಸುರಂಗ 1915ರಲ್ಲಿ ಸಿದ್ಧವಾಯಿತು.

ಲ್ಯಾಂಕಾಸ್ಟರ್ 1941ರಲ್ಲಿ ತೀರಿಕೊಂಡರು. ವೇಗದ ಹೆದ್ದಾರಿಗಾಗಿ 1966ರಲ್ಲಿ ಆ ಸುರಂಗವನ್ನೇ ನಾಶಪಡಿಸಲಾಯಿತು. ಆದರೆ ಉಳಿದ ಹಳೆಯ ರಸ್ತೆಗೆ 2000ದಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಿನ ಮಾನ್ಯತೆ ದೊರೆಯಿತು. ತುಂಡಾಗಿದ್ದ ಭಾಗಗಳನ್ನು ನಡಿಗೆಯ, ಸೈಕಲ್ಲಿನ ಹಾದಿಯಾಗಿ ಮತ್ತೆ ಜೋಡಿಸತೊಡಗಿದರು.

ನಮಗೂ ರಸ್ತೆ ಬೇಕು, ಬೇಡವೆನ್ನಲಾರೆ. ಆದರೆ ಘಟ್ಟವನ್ನು ನೆಟ್ಟಗೆ ಕಡಿದು ವಿಸ್ತರಿಸುವ ಮುನ್ನ, ಬೆಟ್ಟದ ಮೈಯನ್ನು ಓದುವ ವ್ಯವಧಾನವಾದರೂ ನಮ್ಮ ಯೋಜಕರಿಗೆ ಇರಬೇಡವೇ?