ಮಳೆನೀರಿನ ಲೆಕ್ಕ ಬರೆದಿಟ್ಟ ರಾಬರ್ಟ್ ಆಂಗಸ್ ಸ್ಮಿತ್

ಪಿಯುಸಿ ಪ್ರಾಕ್ಟಿಕಲ್‌ನಲ್ಲಿ ಎರಡು ರೀಡಿಂಗ್ ಒಂದೇ ಬರದಿದ್ದಾಗ ಪಕ್ಕದವನ ಪುಸ್ತಕ ನೋಡಿ ಸರಿಮಾಡಿ ಬರೆದವರಲ್ಲಿ ನಾನೂ ಒಬ್ಬ. ಸಿಲ್ವರ್ ನೈಟ್ರೇಟ್ ಹಾಕಿದಾಗ ಬಿಳಿ ಒತ್ತರ ಬಂದರೆ ಕ್ಲೋರೈಡ್, ಬೇರಿಯಂ ಕ್ಲೋರೈಡ್‌ಗೆ ಬಂದರೆ ಸಲ್ಫೇಟ್ ಎಂದು ಬಾಯಿಪಾಠ ಮಾಡಿದ್ದೆ. ಅದರಿಂದ ಯಾರಿಗೆ ಏನು ಉಪಯೋಗ ಎಂದು ಯೋಚಿಸಿರಲಿಲ್ಲ. ಬಿ.ಎಸ್ಸಿ.ಗೆ ಬಂದ ಮೇಲೆ ಆಮ್ಲ ಮಳೆಯ ಪಾಠ ಓದುತ್ತಾ, ಆ ಪದವನ್ನು ಮೊದಲು ಬಳಸಿದವರು ಯಾರೆಂದು ಹುಡುಕಿದೆ. ಆಗ ಪರಿಚಯವಾದವರು ರಾಬರ್ಟ್ ಆಂಗಸ್ ಸ್ಮಿತ್. ಮಳೆನೀರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಇವೇ ಕ್ಲೋರೈಡ್, ಸಲ್ಫೇಟ್‌ಗಳನ್ನು ಅಳೆಯುವ ಕೆಲಸದಲ್ಲಿ ಅವರು ವರ್ಷಗಟ್ಟಲೆ ತೊಡಗಿಸಿಕೊಂಡಿದ್ದರು.

ಸ್ಮಿತ್ ಹುಟ್ಟಿದ್ದು 1817ರಲ್ಲಿ, ಸ್ಕಾಟ್ಲೆಂಡ್‌ನ ಗ್ಲಾಸ್ಗೋ ಬಳಿ. ಪಾದ್ರಿಯಾಗಬೇಕೆಂದು ಗ್ಲಾಸ್ಗೋ ವಿಶ್ವವಿದ್ಯಾಲಯ ಸೇರಿದರೂ ಪದವಿ ಮುಗಿಸಲಿಲ್ಲ. ಕೆಲಕಾಲ ಮನೆಪಾಠ ಹೇಳಿಕೊಡುತ್ತಾ ಜೀವನ ಸಾಗಿಸಿದರು. ಬಳಿಕ ಜರ್ಮನಿಯ ಗೀಸೆನ್‌ಗೆ ಹೋಗಿ, ಪ್ರಸಿದ್ಧ ವಿಜ್ಞಾನಿ ಲೀಬಿಗ್ ಅವರ ಬಳಿ ರಸಾಯನಶಾಸ್ತ್ರ ಕಲಿತು 1841ರಲ್ಲಿ ಪಿಎಚ್.ಡಿ. ಪಡೆದರು. ಮುಂದೆ ಇಂಗ್ಲೆಂಡ್‌ನ ಮ್ಯಾಂಚೆಸ್ಟರ್‌ನಲ್ಲಿ ಲಿಯಾನ್ ಪ್ಲೇಫೇರ್ ಎಂಬ ರಸಾಯನ ವಿಜ್ಞಾನಿಗೆ ಸಹಾಯಕರಾಗಿ ಸೇರಿದರು.

ಆಗ ಮ್ಯಾಂಚೆಸ್ಟರ್ ಹತ್ತಿ ಗಿರಣಿಗಳ ಊರು. ಎಲ್ಲೆಲ್ಲೂ ಕಲ್ಲಿದ್ದಲಿನ ಹೊಗೆ. ಅದು ಕೆಟ್ಟದ್ದೆಂದು ಎಲ್ಲರಿಗೂ ಗೊತ್ತಿತ್ತು, ಆದರೆ ಗಾಳಿಯಲ್ಲಿ ಏನು ಎಷ್ಟಿದೆ ಎಂಬ ಲೆಕ್ಕ ಇರಲಿಲ್ಲ. ಗಾಳಿಯನ್ನು ಮಳೆಯೇ ತೊಳೆದು ಕೆಳಗೆ ತರುತ್ತದೆ, ಆದ್ದರಿಂದ ಮಳೆನೀರನ್ನು ಪರೀಕ್ಷಿಸಿದರೆ ಗಾಳಿಯ ಗುಟ್ಟು ತಿಳಿಯುತ್ತದೆ ಎಂಬುದು ಸ್ಮಿತ್ ಕಂಡುಕೊಂಡ ದಾರಿ. 1852ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿತ್ತು. ದೂರದ ಹೊಲಗಳ ಕಡೆ ಅಮೋನಿಯಂ ಕಾರ್ಬೊನೇಟ್, ಊರಂಚಿನಲ್ಲಿ ಅಮೋನಿಯಂ ಸಲ್ಫೇಟ್, ನಗರದ ನಡುವೆ ಸಲ್ಫ್ಯೂರಿಕ್ ಆಮ್ಲ. ಕಲ್ಲಿದ್ದಲಿನಲ್ಲಿರುವ ಗಂಧಕವೇ ಇದಕ್ಕೆ ಮೂಲ. ಬಟ್ಟೆಯ ಬಣ್ಣ ಮಾಸುವುದಕ್ಕೂ ಲೋಹ ತುಕ್ಕು ಹಿಡಿಯುವುದಕ್ಕೂ ಈ ಆಮ್ಲ ಕಾರಣ ಎಂದು ಅವರು ತಿಳಿಸಿದರು.

ಆ ಕಾಲದ ಸೋಡಾ ಕಾರ್ಖಾನೆಗಳು ಉಗುಳುತ್ತಿದ್ದ ಹೈಡ್ರೋಕ್ಲೋರಿಕ್ ಆಮ್ಲದ ಅನಿಲದಿಂದ ಸುತ್ತಲಿನ ಮರ, ಬೆಳೆಗಳು ಸುಟ್ಟುಹೋಗುತ್ತಿದ್ದವು. ಅದರಲ್ಲಿ ಶೇ 95ರಷ್ಟನ್ನು ಹೊರಬಿಡದೆ ತಡೆಯಬೇಕೆಂದು 1863ರಲ್ಲಿ ಬ್ರಿಟನ್ ಕಾನೂನು ತಂದಿತು. ಅದರ ಮೊದಲ ಇನ್‌ಸ್ಪೆಕ್ಟರ್ ಸ್ಮಿತ್. ಇಡೀ ದೇಶಕ್ಕೆ ಅವರು ಮತ್ತು ನಾಲ್ವರು ಸಹಾಯಕರು. ಕೇಸು ಹಾಕುವುದಕ್ಕಿಂತ ಅಳೆದು ತೋರಿಸಿ ಮನವೊಲಿಸುವುದೇ ಅವರ ರೀತಿ. ಮಾಲೀಕರ ಬಗ್ಗೆ ಮೃದುವಾಗಿದ್ದಾರೆ ಎಂಬ ಟೀಕೆಯೂ ಬಂತು. ಆದರೂ ಕಾರ್ಖಾನೆಗಳಿಂದ ಹೊರಹೋಗುವ ಆಮ್ಲ ಬಹಳ ಕಡಿಮೆಯಾಯಿತು.

ಆದರೆ ಈ ಕಾನೂನಿನ ವ್ಯಾಪ್ತಿಗೆ ಕಲ್ಲಿದ್ದಲಿನ ಹೊಗೆ ಬರುತ್ತಿರಲಿಲ್ಲ. ತಾವೇ ಕಂಡುಹಿಡಿದ ದೊಡ್ಡ ಸಮಸ್ಯೆಯ ಮೇಲೆ ಅವರಿಗೆ ಅಧಿಕಾರವಿರಲಿಲ್ಲ. ಹಾಗೆಂದು ಅವರು ಕೈಕಟ್ಟಿ ಕೂರಲಿಲ್ಲ. ಹಲವು ಊರುಗಳ ಮಳೆನೀರು ತರಿಸಿ ಪರೀಕ್ಷಿಸಿದರು. ಕಡಲ ತೀರದ ಮಳೆಯಲ್ಲಿ ಸಮುದ್ರದ ಉಪ್ಪಿನ ಕ್ಲೋರೈಡ್ ಹೆಚ್ಚು, ಕೈಗಾರಿಕಾ ನಗರಗಳ ಮಳೆಯಲ್ಲಿ ಸಲ್ಫೇಟ್ ಹೆಚ್ಚು ಎಂಬುದನ್ನು ಅಂಕಿಗಳ ಸಮೇತ 1872ರ ‘ಏರ್ ಅಂಡ್ ರೇನ್’ ಪುಸ್ತಕದಲ್ಲಿ ದಾಖಲಿಸಿದರು. ಆಮ್ಲ ಮಳೆ ಎಂಬ ಮಾತೂ ಅದರಲ್ಲಿದೆ.

1884ರಲ್ಲಿ ಸಾಯುವವರೆಗೂ ಅವರು ಇನ್‌ಸ್ಪೆಕ್ಟರ್ ಆಗಿಯೇ ಇದ್ದರು. ಬಳಿಕ ಆ ಪುಸ್ತಕವನ್ನು ಜನ ಮರೆತರು. 20ನೇ ಶತಮಾನದ ಮಧ್ಯಭಾಗದಲ್ಲಿ ಎವಿಲ್ ಗೋರಮ್ ಎಂಬ ಪರಿಸರ ವಿಜ್ಞಾನಿ ಇಂಗ್ಲೆಂಡ್‌ನ ಮಳೆಯಲ್ಲಿ ಆಮ್ಲ ಗುರುತಿಸಿದರು. ಸ್ಮಿತ್ ಅವರ ಕೆಲಸದತ್ತ ಮತ್ತೆ ಗಮನ ಸೆಳೆದವರೂ ಅವರೇ. ಗಡಿ ದಾಟುವ ವಾಯುಮಾಲಿನ್ಯದ ಬಗ್ಗೆ ಯುರೋಪ್ ಮತ್ತು ಉತ್ತರ ಅಮೆರಿಕದ ದೇಶಗಳು ಜಿನೀವಾದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ್ದು 1979ರಲ್ಲಿ, ಪುಸ್ತಕ ಬಂದು 107 ವರ್ಷಗಳ ನಂತರ.

ಓದು ಅರ್ಧಕ್ಕೆ ನಿಲ್ಲಿಸಿದವರು ಬೇರೆ ದಾರಿ ಹಿಡಿದು ಇಷ್ಟು ದೂರ ಬರಬಹುದು ಎಂಬುದು ಕೆಲಸ ಹುಡುಕುತ್ತಿರುವ ನನ್ನಂಥವರಿಗೆ ಧೈರ್ಯ ಕೊಡುತ್ತದೆ. ಅದಕ್ಕಿಂತ ಹೆಚ್ಚಾಗಿ ಮನಸ್ಸಿನಲ್ಲಿ ಉಳಿದದ್ದು ಅವರ ಅಂಕಿಗಳು. ಬೇಕಾದಂತೆ ತಿದ್ದಿ ಬರೆದಿದ್ದರೆ, ನೂರು ವರ್ಷದ ನಂತರ ಅವು ಯಾರಿಗೂ ಬೇಕಾಗುತ್ತಿರಲಿಲ್ಲ. ಈಗ ಲ್ಯಾಬ್‌ನಲ್ಲಿ ರೀಡಿಂಗ್ ಎಷ್ಟು ಬರುತ್ತದೋ ಅಷ್ಟೇ ಬರೆಯುತ್ತೇನೆ. ಒಂದೆರಡು ಅಂಕ ಹೋದರೂ ಬೇಸರವಿಲ್ಲ.