ಗಲ್ಲಾದ ಮೇಲಿನ ಲಕ್ಷ್ಮಿಯೂ ರಾಜಾ ರವಿವರ್ಮರೂ

ನಮ್ಮ ಹೋಟೆಲುಗಳ ಗಲ್ಲಾದ ಮೇಲೆ ಕಮಲದಲ್ಲಿ ನಿಂತ ಲಕ್ಷ್ಮಿಯ ಪಟವಿಲ್ಲದಿರುವುದು ವಿರಳ. ಆ ರೂಪವನ್ನು ಮನೆಮನೆಗೆ ತಂದ ಮಹನೀಯರು ರಾಜಾ ರವಿವರ್ಮರು.

ಇವರು 1848ರ ಏಪ್ರಿಲ್ 29ರಂದು ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ ಜನಿಸಿದರು. ಹದಿನಾಲ್ಕನೆಯ ವಯಸ್ಸಿನಲ್ಲಿ ಸೋದರಮಾವನೊಡನೆ ತಿರುವನಂತಪುರಕ್ಕೆ ಬಂದು ಮಹಾರಾಜ ಆಯಿಲ್ಯಂ ತಿರುನಾಳರ ಆಶ್ರಯ ಪಡೆದರು. 1868ರಲ್ಲಿ ಅರಮನೆಗೆ ಬಂದ ಐರೋಪ್ಯ ಚಿತ್ರಕಾರ ಥಿಯೋಡೋರ್ ಜೆನ್ಸನ್ ತೈಲವರ್ಣದ ಮರ್ಮವನ್ನು ಹೇಳಿಕೊಡಲಿಲ್ಲ. ಬರೆಯುವುದನ್ನು ನೋಡಲು ಮಾತ್ರ ಅವಕಾಶವಿತ್ತು. ರವಿವರ್ಮರು ನೋಡಿಯೇ ಕಲಿತರು. 1870ರಲ್ಲಿ ನಮ್ಮ ಕೊಲ್ಲೂರಿಗೆ ಬಂದು ಮೂಕಾಂಬಿಕೆಯನ್ನು ಸೇವಿಸಿದರು. ಹಿಂದಿರುಗುವಾಗ ಕಲ್ಲಿಕೋಟೆಯಲ್ಲಿ ಸಂಭಾವನೆ ಪಡೆದು ಚಿತ್ರ ಬರೆದದ್ದೇ ಅವರ ವೃತ್ತಿಜೀವನದ ಆರಂಭ. 1873ರಲ್ಲಿ ವಿಯೆನ್ನಾದ ಪ್ರದರ್ಶನದಲ್ಲಿಯೂ ಅವರಿಗೆ ಬಹುಮಾನ ಲಭಿಸಿತು.

ಬರೋಡೆಯ ಮಹಾರಾಜರಿಗಾಗಿ ಅವರು ಹದಿನಾಲ್ಕು ಪೌರಾಣಿಕ ಚಿತ್ರಗಳನ್ನು ರಚಿಸಿದರು. ಆದರೆ ಅರಮನೆಯ ಗೋಡೆಯ ಚಿತ್ರ ಬಡವನಿಗೆ ದೊರೆಯುವುದೆಂತು? ಈ ಕೊರತೆಯನ್ನು ನೀಗಲು 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. ಕೆಲವೇ ವರ್ಷಗಳಲ್ಲಿ ಅದು ಲೋನಾವಳದ ಬಳಿಯ ಮಳವಲಿಗೆ ಸ್ಥಳಾಂತರಗೊಂಡಿತು. ನಿಗಡಿಯ ನಾವು ಲೋನಾವಳಕ್ಕೆ ಲೋಕಲ್ ಗಾಡಿಯಲ್ಲಿ ಹೋಗುವಾಗ ದಾಟುವ ಮಳವಲಿಯೇ ಅದು.

ಆ ಲಕ್ಷ್ಮಿಯ ಪಟವನ್ನು ಒಮ್ಮೆ ಅರ್ಥವಿಟ್ಟು ನೋಡೋಣ. ದೇವಿಯು ಚಿತ್ರದ ನಡುವೆ ದೀಪಸ್ತಂಭದಂತೆ ನೆಟ್ಟಗೆ ನಿಂತಿರುವಳು. ಪ್ರಾಚೀನ ಗಜಲಕ್ಷ್ಮಿಯ ಇಕ್ಕೆಲಗಳಲ್ಲಿ ಆನೆಗಳು ಕಲಶದಿಂದ ನೀರೆರೆಯುತ್ತವೆ. ಇಲ್ಲಿ ಒಂದೇ ಆನೆ ಪಕ್ಕದಲ್ಲಿ ಸೊಂಡಿಲೆತ್ತಿ ಮಾಲೆಯನ್ನು ಅರ್ಪಿಸುತ್ತಿದೆ. ಆನೆ ರಾಜವೈಭವದ ಚಿಹ್ನೆ. ಆ ವೈಭವವೂ ದೇವಿಯ ಸೇವೆಯಲ್ಲಿದೆ. ಕೆಸರಿನಲ್ಲಿ ಹುಟ್ಟಿಯೂ ಕೆಸರು ತಾಗದ ಕಮಲವು ಪರಿಶುದ್ಧ ಸಂಪತ್ತಿನ ಸಂಕೇತ. ಎರಡು ಕೈಗಳಲ್ಲಿ ಕಮಲಗಳು, ಉಳಿದೆರಡು ಅನುಗ್ರಹಕ್ಕೆ. ಮುಂದಿನ ಕ್ಯಾಲೆಂಡರುಗಳಲ್ಲಿ ಕಾಣುವ ನಾಣ್ಯಗಳ ಮಳೆ ಇಲ್ಲಿಲ್ಲ. ಉಟ್ಟಿರುವುದು ನಮ್ಮ ತಾಯಂದಿರು ಉಡುವಂತಹ ಸೀರೆ. ದೇವಿಯು ಮನೆಯ ಹೆಣ್ಣುಮಗಳಾಗಿ ಎದುರು ನಿಂತದ್ದೇ ಈ ರಚನೆಯ ಹಿರಿಮೆ.

ಜನರಿಗೆ ಲಕ್ಷ್ಮಿಯನ್ನು ಕೊಟ್ಟ ಮುದ್ರಣಾಲಯ ರವಿವರ್ಮರಿಗೆ ಲಾಭ ತರಲಿಲ್ಲ. ಸಾಲದ ಹೊರೆಯಿಂದ ಅದನ್ನು ಜರ್ಮನಿಯ ಷ್ಲೈಷರ್ ಎಂಬ ತಂತ್ರಜ್ಞರಿಗೆ ಮಾರಬೇಕಾಯಿತು. ಸದಾ ಜೊತೆಗಿದ್ದು ದುಡಿದ ತಮ್ಮ ರಾಜರಾಜವರ್ಮರು 1905ರಲ್ಲಿ ತೀರಿಕೊಂಡರು. ಮರುವರ್ಷ ಅಕ್ಟೋಬರ್ 2ರಂದು ರವಿವರ್ಮರೂ ಕಿಳಿಮಾನೂರಿನಲ್ಲಿ ದಿವಂಗತರಾದರು. ಮಳವಲಿಯ ಮುದ್ರಣಾಲಯ 1972ರಲ್ಲಿ ಬೆಂಕಿಗೆ ಆಹುತಿಯಾಯಿತು.

ಅವರ ತಿರುವಾಂಕೂರಿನಲ್ಲಿ ದೇವಾಲಯಗಳ ಬಾಗಿಲು ಎಲ್ಲ ಜಾತಿಯ ಹಿಂದೂಗಳಿಗೂ ತೆರೆದದ್ದು 1936ರಲ್ಲಿ. ಅದಕ್ಕೆ ನಾಲ್ಕು ದಶಕ ಮುಂಚೆಯೇ ಅಚ್ಚಿನ ಹಾಳೆಯ ಮೇಲೆ ಬಂದ ದೇವಿಯು ಯಾರ ಜಾತಿಯನ್ನೂ ಕೇಳಲಿಲ್ಲ. ರವಿವರ್ಮರು ಕಳೆದುಕೊಂಡ ಹಣಕ್ಕೆ ನಾಡು ಪಡೆದ ಪ್ರತಿಫಲ ಇದು.